ನಿವೃತ್ತರಾಗಿ ಚಿಯಾಂಗ್ ಮಾಯ್‌ನಲ್ಲಿ ನೆಲೆಸಲು ಬಾಡಿಗೆ ಮನೆ ಹಿಡಿಯುವ ಬಗೆ

ಥಾಯ್ಲೆಂಡಿನ ಉತ್ತರದ ನಗರ ಚಿಯಾಂಗ್ ಮಾಯ್‌ನಲ್ಲಿ ನಾನೂ ನನ್ನ ಪತ್ನಿಯೂ ಮೊದಲು ಹಿಡಿದ ಮನೆ ಕಣ್ಣು ತುಂಬುವಂತಿತ್ತು. ಅಂಗಳದಲ್ಲಿ ಮಾವಿನ ಮರ, ಜಗಲಿಯಲ್ಲಿ ಕುಳಿತರೆ ಎದುರಿಗೆ ದೋಯ್ ಸುಥೇಪ್ ಬೆಟ್ಟ. ಒಂದೂವರೆ ತಿಂಗಳಿಗೆ ಆ ಮನೆ ಬಿಟ್ಟೆವು, ಎರಡು ತಿಂಗಳ ಠೇವಣಿಯನ್ನೂ ಕಳೆದುಕೊಂಡೆವು. ಮನೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ವಿದೇಶಿಯರು ತಮ್ಮ ಮನೆಯಲ್ಲಿದ್ದಾರೆ ಎಂದು ಇಮಿಗ್ರೇಷನ್ ಕಚೇರಿಗೆ ತಿಳಿಸಲು ಮಾಲೀಕರು ಒಪ್ಪಲಿಲ್ಲ. ಆ ಒಂದು ಚೀಟಿ ಇಲ್ಲದೆ ನಮ್ಮ ವೀಸಾ ಮುಂದುವರಿಯುವಂತಿರಲಿಲ್ಲ.

ಬೇರೆ ದೇಶದಲ್ಲಿ ವಯಸ್ಸಾದವರು ಮನೆ ಹುಡುಕುವುದೆಂದರೆ ಬಹುಮಟ್ಟಿಗೆ ಸರಿಯಾದ ಮಾಲೀಕರನ್ನು ಹುಡುಕುವುದು ಎಂದು ನನಗೆ ತಿಳಿದದ್ದು ಆಗ. ಮುಂದೆ ಬರೆದಿರುವ ಹಂತಗಳನ್ನೆಲ್ಲ ಆ ತಿಳಿವಳಿಕೆಯಿಂದಲೇ ಜೋಡಿಸಿದ್ದೇನೆ.

ಊರಿನಲ್ಲಿರುವಾಗಲೇ ಮುಗಿಸಬೇಕಾದ ಕೆಲಸ

ಥಾಯ್ಲೆಂಡಿನಲ್ಲಿ ನಿವೃತ್ತರಾಗಿ ನೆಲೆಸಲು 50 ವರ್ಷ ತುಂಬಿರಬೇಕು. ಅಲ್ಲಿಯೇ ವರ್ಷವರ್ಷ ವಾಸದ ಅನುಮತಿಯನ್ನು ವಿಸ್ತರಿಸಿಕೊಳ್ಳುವವರು ಸಾಮಾನ್ಯವಾಗಿ 8 ಲಕ್ಷ ಬಹ್ತ್ ಹಣವನ್ನು ಥಾಯ್ ಬ್ಯಾಂಕಿನಲ್ಲಿ ಇಟ್ಟು ತೋರಿಸುತ್ತಾರೆ. ಇಲ್ಲವೇ ತಿಂಗಳಿಗೆ 65,000 ಬಹ್ತ್ ಆದಾಯವನ್ನು ತೋರಿಸಬೇಕು. ಒಂದು ಬಹ್ತ್‌ಗೆ ಎರಡೂವರೆ ರೂಪಾಯಿ ಹಿಡಿದರೂ 8 ಲಕ್ಷ ಬಹ್ತ್ ಎಂದರೆ 20 ಲಕ್ಷ ರೂಪಾಯಿ. ಅರ್ಜಿ ಹಾಕುವ ಎರಡು ತಿಂಗಳ ಮೊದಲೇ ಅದು ಅರ್ಜಿದಾರರ ಹೆಸರಿನ ಖಾತೆಯಲ್ಲಿರಬೇಕು. ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಮುಟ್ಟುವಂತಿಲ್ಲ. ಆಮೇಲೆ ವರ್ಷದ ಉಳಿದ ಅವಧಿಯಲ್ಲಿ 4 ಲಕ್ಷ ಬಹ್ತ್‌ಗಿಂತ ಕೆಳಗೆ ಇಳಿಯಬಾರದು. ಆದ್ದರಿಂದ ಬಾಡಿಗೆಯ ಲೆಕ್ಕ ಹಾಕುವಾಗ ಈ ಹಣವನ್ನು ಸೇರಿಸಿಕೊಳ್ಳಲೇಬೇಡಿ.

ಭಾರತದಿಂದ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ ಇದೆ. ಆ ಮಿತಿ ನಮ್ಮಂಥವರಿಗೆ ಧಾರಾಳ. ತೊಡಕಿರುವುದು ತೆರಿಗೆಯಲ್ಲಿ. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ರವಾನೆಯ ಮೇಲೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸಿದಾಗ ಅದು ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ. ಒಂದಿಷ್ಟನ್ನು ಮಾರ್ಚ್‌ನಲ್ಲಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಕಳಿಸಿದರೆ ಎರಡು ಹಣಕಾಸು ವರ್ಷಗಳಿಗೆ ಹಂಚಿಹೋಗಿ ಹೊರೆ ತಗ್ಗುತ್ತದೆ.

ಇನ್ನೊಂದು ಕಾಗದದ ಬಗ್ಗೆ ಒತ್ತಿ ಹೇಳಬೇಕು: ವಿವಾಹ ನೋಂದಣಿ ಪತ್ರ. ನಮ್ಮ ತಲೆಮಾರಿನ ಎಷ್ಟೋ ದಂಪತಿಗಳ ಬಳಿ ಲಗ್ನಪತ್ರಿಕೆಯೂ ಕಪ್ಪುಬಿಳುಪಿನ ಫೋಟೊಗಳೂ ಇವೆ, ನೋಂದಣಿ ಮಾತ್ರ ಆಗಿಲ್ಲ. ಗಂಡ ಹೆಂಡತಿಯರಲ್ಲಿ ಒಬ್ಬರ ಹೆಸರಿನಲ್ಲಿ ಹಣ ತೋರಿಸಿ ಇನ್ನೊಬ್ಬರು ಅವಲಂಬಿತರಾಗಿ ಉಳಿಯಬೇಕಾದರೆ ಈ ಪತ್ರ ಬೇಕೇ ಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಈಗಲಾದರೂ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ವಿದೇಶಾಂಗ ಸಚಿವಾಲಯದ ದೃಢೀಕರಣವನ್ನೂ ಮಾಡಿಸಿಟ್ಟುಕೊಳ್ಳಿ.

ಮೊದಲ ಎರಡು ತಿಂಗಳು ತಿಂಗಳ ಬಾಡಿಗೆಯ ಕೋಣೆ ಸಾಕು

ಬೆಂಗಳೂರಿನಲ್ಲಿ ಕುಳಿತು ಫೋಟೊ ನೋಡಿ ಮುಂಗಡ ಕಳಿಸಬೇಡಿ. ಎಷ್ಟೇ ಚೆಂದದ ಮನೆಯಾಗಿರಲಿ, ಯಾರೇ ಪರಿಚಯಿಸಿರಲಿ, ಬೇಡ. ಫೋಟೊದಲ್ಲಿ ಪಕ್ಕದ ನಿವೇಶನದ ಕಟ್ಟಡ ಕೆಲಸ ಕಾಣುವುದಿಲ್ಲ, ತಲೆಯ ಮೇಲೆ ಹಾದುಹೋಗುವ ವಿಮಾನದ ಸದ್ದು ಕೇಳುವುದಿಲ್ಲ. ಚಿಯಾಂಗ್ ಮಾಯ್ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಅದರ ದಾರಿಯಲ್ಲಿರುವ ಬಡಾವಣೆಗಳಲ್ಲಿ ಮಾತು ಅರ್ಧಕ್ಕೇ ನಿಲ್ಲಿಸಿ ಕಾಯಬೇಕಾಗುತ್ತದೆ.

ತಿಂಗಳ ಲೆಕ್ಕದಲ್ಲಿ ಕೊಡುವ ಸರ್ವಿಸ್ ಅಪಾರ್ಟ್‌ಮೆಂಟುಗಳು ಅಲ್ಲಿ ಧಾರಾಳವಾಗಿವೆ. ಅಂಥದ್ದೊಂದರಲ್ಲಿ ಇದ್ದುಕೊಂಡು ಊರನ್ನು ಕಾಲ್ನಡಿಗೆಯಲ್ಲಿ ನೋಡಿ. ಹುಡುಕಾಟಕ್ಕೆ ಮೇ, ಜೂನ್ ಒಳ್ಳೆಯ ಕಾಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಪ್ರವಾಸಿಗರ ದಟ್ಟಣೆಯಿಂದ ಬಾಡಿಗೆ ಏರಿರುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಮನೆಗಳು ಖಾಲಿ ಬಿದ್ದಿರುತ್ತವೆ, ಮಾಲೀಕರಿಗೂ ವರ್ಷವಿಡೀ ಇರುವವರು ಸಿಕ್ಕರೆ ಸಾಕೆನಿಸಿರುತ್ತದೆ.

ಒಂದು ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗದ್ದೆಯ ಕೂಳೆಗೂ ಕಾಡಿಗೂ ಬೀಳುವ ಬೆಂಕಿಯ ಹೊಗೆ ಈ ಕಣಿವೆಯಲ್ಲಿ ಕವಿದು ನಿಲ್ಲುತ್ತದೆ. ಮಾರ್ಚ್‌ನಲ್ಲಿ ಎದುರಿನ ಬೆಟ್ಟವೇ ಕಾಣಿಸದ ದಿನಗಳಿರುತ್ತವೆ. ಉಬ್ಬಸ, ಹೃದಯದ ತೊಂದರೆ ಇರುವವರು ಆ ತಿಂಗಳುಗಳಲ್ಲಿ ಅಲ್ಲಿ ಇರಲೇಬಾರದು. ನಾವು ಶಿವರಾತ್ರಿಯ ಹೊತ್ತಿಗೆ ಊರಿಗೆ ಬಂದು, ಯುಗಾದಿ ಮುಗಿಸಿ, ಅಲ್ಲಿ ಮೊದಲ ಮಳೆ ಬಿದ್ದ ಮೇಲೆ ಹಿಂತಿರುಗುತ್ತೇವೆ. ಹೀಗೆ ಹೊರಗೆ ಹೋಗಿ ಬರುವವರು ಮರುಪ್ರವೇಶ ಪರವಾನಗಿ ಪಡೆಯದೆ ವಿಮಾನ ಹತ್ತಿದರೆ ವಾಸದ ಅನುಮತಿಯೇ ರದ್ದಾಗುತ್ತದೆ. ಒಂದು ಬಾರಿಗೆ 1,000 ಬಹ್ತ್, ಹಲವು ಬಾರಿಗೆ 3,800 ಬಹ್ತ್. ಬೀಗ ಹಾಕಿದ ತಿಂಗಳುಗಳಿಗೂ ಬಾಡಿಗೆ ಕಟ್ಟಬೇಕಾಗುತ್ತದೆ, ಅದೂ ನಿಮ್ಮ ಲೆಕ್ಕದಲ್ಲಿರಲಿ.

ಯಾವ ಭಾಗದಲ್ಲಿ?

ಕ್ರಿ.ಶ. 1296ರಲ್ಲಿ ಮೆಂಗ್‌ರಾಯ್ ದೊರೆ ಕಟ್ಟಿದ ಹಳೆ ನಗರ ಇಂದಿಗೂ ಚೌಕಾಕಾರದ ಕಂದಕದೊಳಗಿದೆ. ಗಲ್ಲಿಗೊಂದು ಬೌದ್ಧ ವಿಹಾರ, ಎತ್ತರದ ಕಟ್ಟಡಗಳಿಲ್ಲ, ಬೆಳಗಿನ ನಡಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಆದರೆ ಲಿಫ್ಟ್ ಇರುವ ಕಟ್ಟಡ ಸಿಗುವುದು ಕಷ್ಟ, ಏಪ್ರಿಲ್ ನಡುವಿನ ಸೋಂಗ್‌ಕ್ರಾನ್ ಹಬ್ಬದಲ್ಲಿ ಕಂದಕದ ಸುತ್ತ ನೀರೆರಚುವವರ ಜಾತ್ರೆ. ಪಶ್ಚಿಮದ ನಿಮ್ಮಾನ್ ದುಬಾರಿ ಪ್ರದೇಶ, ಯುವಕರ ಗದ್ದಲ ಹೆಚ್ಚು. ಅದಕ್ಕೂ ಹಳೆ ನಗರಕ್ಕೂ ನಡುವೆ, ಸ್ವಲ್ಪ ಉತ್ತರಕ್ಕಿರುವ ಸಂತಿಥಾಮ್ ನನಗೆ ಅಚ್ಚುಮೆಚ್ಚು. ಸಂಸಾರಸ್ಥರ ಬಡಾವಣೆ, ತರಕಾರಿ ಸಂತೆ ಕಾಲ್ನಡಿಗೆಯ ದೂರದಲ್ಲಿ, ಬಾಡಿಗೆಯೂ ಹಿಡಿತದಲ್ಲಿ. ಹಾಂಗ್ ದೋಂಗ್, ಮೇ ರಿಮ್, ಸಾನ್ ಸಾಯ್ ಕಡೆ ಅಂಗಳವಿರುವ ಮನೆಗಳು ಸಿಗುತ್ತವೆ. ಕಾರು ಓಡಿಸುವವರಿಗೆ ಅವು ಹಿತ. ಎಪ್ಪತ್ತು ದಾಟಿದ ಮೇಲೂ ಓಡಿಸುತ್ತೇನೆಯೇ ಎಂದು ಮಾತ್ರ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಸಂಜೆ ಐದೂವರೆಗೆ ಹೊರಟು ನಿಮಿಷದಲ್ಲಿ ಅಳೆಯಿರಿ. ವಿಶ್ವವಿದ್ಯಾಲಯಕ್ಕೆ ಸೇರಿದ ದೊಡ್ಡ ಸರ್ಕಾರಿ ಆಸ್ಪತ್ರೆ, ಎಲ್ಲರೂ ಸುವಾನ್ ದೋಕ್ ಎಂದು ಕರೆಯುವ ಮಹಾರಾಜ್ ನಕೋರ್ನ್, ಹಳೆ ನಗರ ಮತ್ತು ನಿಮ್ಮಾನ್ ನಡುವೆ ಇದೆ. ಖಾಸಗಿ ಚಿಯಾಂಗ್ ಮಾಯ್ ರಾಮ್ ಆಸ್ಪತ್ರೆ ಕಂದಕದ ವಾಯವ್ಯ ಮೂಲೆಗೆ ಹತ್ತಿರ. ನಾನು ಸಂತಿಥಾಮ್ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಪಿಂಗ್ ನದಿಯ ದಂಡೆಯ ಮನೆಗಳು ಮನಸ್ಸು ಸೆಳೆಯುತ್ತವೆ. 2024ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಅದೇ ನದಿ ಉಕ್ಕಿ ಚಾಂಗ್ ಖ್ಲಾನ್, ನೋಂಗ್ ಹೋಯ್ ಪ್ರದೇಶಗಳ ಮನೆಗಳೊಳಗೆ ನುಗ್ಗಿತು. ನೆಲಮಹಡಿ ನೋಡುವಾಗ ಗೋಡೆಯ ಬುಡದ ಬಣ್ಣ ಗಮನಿಸಿ. ಸೊಂಟದೆತ್ತರಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಮಾಲೀಕರಿಗಿಂತ ಎದುರಿನ ಅಂಗಡಿಯವರನ್ನು ಕೇಳಿದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೈಯಲ್ಲೇ ತೋರಿಸುತ್ತಾರೆ.

ಹುಡುಕುವ ಕ್ರಮ

ಜಾಲತಾಣಗಳಲ್ಲಿ ಕಾಣುವ ಮನೆಗಳು ವಿದೇಶಿಯರಿಗೆಂದೇ ಬೆಲೆ ಕಟ್ಟಿದವು. ಒಳ್ಳೆಯ ಮನೆಗಳ ಫಲಕಗಳು ಗೇಟಿಗೆ ನೇತುಬಿದ್ದಿರುತ್ತವೆ, ಅದೂ ಥಾಯ್ ಲಿಪಿಯಲ್ಲಿ. ಮೂರು ಮಾತು ಕಲಿತುಕೊಳ್ಳಿ: ‘ಹಾಯ್ ಚಾವ್’ ಎಂದರೆ ಬಾಡಿಗೆಗಿದೆ, ‘ಬಾನ್ ಚಾವ್’ ಎಂದರೆ ಬಾಡಿಗೆ ಮನೆ, ‘ಹೋಂಗ್ ವಾಂಗ್’ ಎಂದರೆ ಕೋಣೆ ಖಾಲಿ ಇದೆ. ಆ ಅಕ್ಷರಗಳ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ಬೆಳಗ್ಗೆ ಬೀದಿ ಸುತ್ತಿ. ಕಾಂಡೋ, ಅಂದರೆ ಒಬ್ಬೊಬ್ಬ ಮಾಲೀಕರಿಗೆ ಒಂದೊಂದು ಮನೆ ಇರುವ ಕಟ್ಟಡವಾದರೆ, ಕೆಳಗಿನ ಕಚೇರಿಯಲ್ಲಿ ಕೇಳಿದರೆ ಯಾವ ಮನೆ ಖಾಲಿ ಇದೆ ಎಂದು ಹೇಳುತ್ತಾರೆ. ಏಜೆಂಟರ ಮೂಲಕ ಹೋದರೂ ವರ್ಷದ ಕರಾರಿಗೆ ಕಮಿಷನ್ ಕೊಡುವವರು ವಾಡಿಕೆಯಂತೆ ಮಾಲೀಕರು. ನಿಮ್ಮಿಂದಲೂ ಕೇಳಿದರೆ ಬೇರೆ ಏಜೆಂಟರನ್ನು ನೋಡಿಕೊಳ್ಳಿ.

ಒಂದು ಮಲಗುವ ಕೋಣೆಯ ಕಾಂಡೋಗೆ ಸಂತಿಥಾಮ್ ಕಡೆ ಸುಮಾರು 10,000 ದಿಂದ 15,000 ಬಹ್ತ್, ನಿಮ್ಮಾನ್‌ನಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು. ಹಣ ಇಳಿಸಿ ಎಂದು ಪಟ್ಟು ಹಿಡಿಯುವುದಕ್ಕಿಂತ ಹೊಸ ಹಾಸಿಗೆ, ಗಾಳಿ ಶುದ್ಧಕ, ಸ್ನಾನದ ಕೋಣೆಗೆ ಹಿಡಿಗಂಬಿ ಕೇಳಿದರೆ ಬೇಗ ಒಪ್ಪುತ್ತಾರೆ. ಮಾತಿನಲ್ಲಿ ದನಿ ಏರಿಸಬಾರದು. ಅಲ್ಲಿ ಗಟ್ಟಿಯಾಗಿ ಮಾತನಾಡಿದರೆ ಮನೆ ಕೈತಪ್ಪಿತೆಂದೇ ತಿಳಿಯಿರಿ. ತಮಗಿಂತ ಹಿರಿಯರನ್ನು ಅವರು ‘ಪೀ’ ಎಂದು ಕರೆಯುತ್ತಾರೆ. ನಮ್ಮ ಅಕ್ಕ, ಅಣ್ಣ ಎರಡಕ್ಕೂ ಅದೊಂದೇ ಪದ. ಈಗ ನಾವಿರುವ ಮನೆಯ ಮಾಲೀಕರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ನನ್ನ ಪತ್ನಿ ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, ‘ಪೀ’ ಎಂದು ಕರೆದಾಗ ಅವರ ಮುಖದಲ್ಲಿ ಕಂಡ ಪ್ರೀತಿ ಇಂದಿಗೂ ಹಾಗೆಯೇ ಇದೆ.

ಮನೆಯೊಳಗೆ ಕಾಲಿಟ್ಟಾಗ

ಮೊದಲು ಸ್ನಾನದ ಕೋಣೆಗೆ ಹೋಗಿ. ಮೆಟ್ಟಿಲು ಇದೆಯೇ, ನೆಲ ಒದ್ದೆಯಾದರೆ ಜಾರುತ್ತದೆಯೇ, ಗೋಡೆಗೆ ಕಂಬಿ ಹೊಡೆಯಬಹುದೇ ಎಂದು ನೋಡಿ. ನಮ್ಮ ಕಡೆಯ ಗೀಸರ್ ಅಲ್ಲಿ ಅಪರೂಪ, ಷವರಿನ ಪಕ್ಕದಲ್ಲೇ ಆಗಿಂದಾಗ್ಗೆ ನೀರು ಕಾಯಿಸುವ ಚಿಕ್ಕ ಪೆಟ್ಟಿಗೆ ಇರುತ್ತದೆ. ಅದಕ್ಕೆ ಅರ್ಥಿಂಗ್ ಇರುವುದನ್ನು ಖಚಿತಪಡಿಸಿಕೊಳ್ಳಿ. ಬಕೆಟ್ ತುಂಬಿಸಿ ಸ್ನಾನ ಮಾಡುವ ರೂಢಿಯವರು ಕೆಳಗೆ ನಲ್ಲಿ ಇದೆಯೇ ಎಂದೂ ನೋಡಬೇಕು.

ಅನಂತರ ಅಡುಗೆಮನೆ. ಕನ್ನಡಿಗರ ಮನೆಗೆ ಇದು ದೊಡ್ಡ ಪ್ರಶ್ನೆ. ಎಷ್ಟೋ ಕಾಂಡೋಗಳಲ್ಲಿ ಗ್ಯಾಸ್ ಒಲೆ ನಿಷಿದ್ಧ, ಇರುವುದು ಒಂದು ವಿದ್ಯುತ್ ಒಲೆ ಮತ್ತು ಕೈ ಚಾಚುವಷ್ಟು ಕಟ್ಟೆ. ಅಡುಗೆಯೂ ಮಲಗುವುದೂ ಒಂದೇ ಕೋಣೆಯಲ್ಲಾದರೆ ಸಾಸಿವೆ, ಇಂಗಿನ ಒಗ್ಗರಣೆಯ ಘಾಟು ಹಾಸಿಗೆಯವರೆಗೆ ಹರಡುತ್ತದೆ. ಬಾಲ್ಕನಿಯಲ್ಲಿ ಅಡುಗೆ ಕಟ್ಟೆ ಇರುವ ಮನೆ ಅಥವಾ ಬಾಗಿಲಿರುವ ಅಡುಗೆಮನೆ ಹುಡುಕಿ. ಹೊರಗಿನ ಊಟದಲ್ಲಿ ಸಸ್ಯಾಹಾರಿಗಳಿಗೆ ಮೀನಿನ ಸಾರವಾದ ‘ನಾಮ್ ಪ್ಲಾ’ದ ಕಾಟವಿದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ‘ಜೇ’ ಅಂಗಡಿಗಳಲ್ಲಿ ಮಾಂಸ, ಮೀನು ಯಾವುದೂ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಅಂಥದ್ದೊಂದು ಹತ್ತಿರವಿದ್ದರೆ, ಅಡುಗೆ ಮಾಡುವವರಿಗೆ ಜ್ವರ ಬಂದ ದಿನ ಅದರ ಬೆಲೆ ತಿಳಿಯುತ್ತದೆ.

ನಲ್ಲಿಯ ನೀರನ್ನು ಅಲ್ಲಿ ಯಾರೂ ಕುಡಿಯುವುದಿಲ್ಲ. ಗಲ್ಲಿಯ ಯಂತ್ರಕ್ಕೆ ನಾಣ್ಯ ಹಾಕಿ ಶುದ್ಧ ನೀರು ಹಿಡಿದು ತರುತ್ತಾರೆ. ಬೆನ್ನುನೋವಿರುವವರು ದೊಡ್ಡ ಕ್ಯಾನುಗಳನ್ನು ಬಾಗಿಲಿಗೆ ತಂದುಕೊಡುವವರು ಇದ್ದಾರೆಯೇ ಎಂದು ಕೇಳಬೇಕು. ಹೊಗೆಯ ಕಾಲಕ್ಕೆ ಕಿಟಕಿಗಳು ಬಿರುಕಿಲ್ಲದೆ ಮುಚ್ಚಬೇಕು. ಹಳೆಯ ತೇಗದ ಮನೆಗಳು ನೋಡಲು ಅಷ್ಟು ಸೊಗಸಾದರೂ ಹಲಗೆಗಳ ಸಂದಿಯಿಂದ ಹೊಗೆ ನೇರವಾಗಿ ಒಳಬರುತ್ತದೆ. 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪದಲ್ಲಿ ಚಿಯಾಂಗ್ ಮಾಯ್‌ನ ಎತ್ತರದ ಕಟ್ಟಡಗಳೂ ಅಲುಗಾಡಿದವು. ಮೇಲಿನ ಮಹಡಿ ಹಿಡಿಯುವವರು ಆಮೇಲೆ ನಡೆದ ತಪಾಸಣೆಯ ಕಾಗದವನ್ನು ಕಾಂಡೋ ಕಚೇರಿಯಲ್ಲಿ ಕೇಳಿ ನೋಡಿ.

ವಿದ್ಯುತ್ ಬಿಲ್ ಯಾರಿಂದ ಬರುತ್ತದೆ ಎಂಬುದು ತಿಂಗಳ ಖರ್ಚನ್ನೇ ಬದಲಿಸುತ್ತದೆ. ಕಾಂಡೋಗಳಲ್ಲಿ ಸಾಮಾನ್ಯವಾಗಿ ಸರ್ಕಾರಿ ವಿದ್ಯುತ್ ಸಂಸ್ಥೆಯ ಬಿಲ್ ನೇರವಾಗಿ ಬರುತ್ತದೆ, ಯೂನಿಟ್‌ಗೆ ಸುಮಾರು 4ರಿಂದ 5 ಬಹ್ತ್. ಇಡೀ ಕಟ್ಟಡ ಒಬ್ಬರದೇ ಆಗಿರುವ ಅಪಾರ್ಟ್‌ಮೆಂಟುಗಳಲ್ಲಿ 7, 8 ಬಹ್ತ್ ಹಾಕುವುದುಂಟು. ಬಾಡಿಗೆ ಕಡಿಮೆ ಎನಿಸಿದ ಮನೆ ಬೇಸಿಗೆಯ ಎಸಿ ಬಿಲ್ಲಿನಲ್ಲಿ ದುಬಾರಿಯಾಗುವುದು ಹೀಗೆ.

ಮಾಲೀಕರಿಗೆ ಕೇಳಲೇಬೇಕಾದದ್ದು

ಥಾಯ್ಲೆಂಡಿನ ವಲಸೆ ಕಾನೂನಿನಂತೆ, ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆಯ ಯಜಮಾನರು ಇಮಿಗ್ರೇಷನ್ ಕಚೇರಿಗೆ ತಿಳಿಸಬೇಕು. ಈ ನಮೂನೆಗೆ ‘ಟಿಎಂ 30’ ಎಂದು ಹೆಸರು. ಅದರ ರಸೀದಿ ಇಲ್ಲದೆ ವಾಸದ ಅನುಮತಿ ವಿಸ್ತರಣೆಯ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಬ್ಯಾಂಕ್ ಖಾತೆ ತೆರೆಯುವಾಗಲೂ ವಿಳಾಸದ ಕಾಗದ ಕೇಳುತ್ತಾರೆ. ಮನೆ ಸರಿಯಾದರೆ ಖಾತೆ, ಖಾತೆ ಸರಿಯಾದರೆ ವೀಸಾ ಎಂಬಂತೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ.

ಕೆಲವು ಮಾಲೀಕರು ತೆರಿಗೆಗೆ ಹೆದರಿ ಇದರಿಂದ ಜಾರಿಕೊಳ್ಳುತ್ತಾರೆ. ನಮಗೆ ಆದದ್ದು ಅದೇ. ‘ಆಮೇಲೆ ನೋಡೋಣ’ ಎಂಬ ಮಾತನ್ನು ಇಲ್ಲ ಎಂದೇ ಅರ್ಥ ಮಾಡಿಕೊಳ್ಳಿ. ಮುಂಗಡ ಕೊಡುವ ಮೊದಲೇ ನಾಲ್ಕು ಕಾಗದಗಳ ಪ್ರತಿ ಕೇಳಿ: ಮಾಲೀಕರ ಗುರುತಿನ ಚೀಟಿ, ‘ತಬಿಯನ್ ಬಾನ್’ ಎಂಬ ಮನೆ ನೋಂದಣಿ ಪುಸ್ತಕ, ಆಸ್ತಿಯ ಹಕ್ಕುಪತ್ರ, ಸಹಿಯಾದ ಬಾಡಿಗೆ ಕರಾರು. ಗುರುತಿನ ಚೀಟಿಯ ಹೆಸರೂ ಹಕ್ಕುಪತ್ರದ ಹೆಸರೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಅಧಿಕಾರ ಪತ್ರ ತೋರಿಸಲಿ. ಈ ನಾಲ್ಕನ್ನೂ ನಗುನಗುತ್ತಾ ತೆಗೆದುಕೊಡುವ ಮಾಲೀಕರು ಸಿಕ್ಕರೆ, ಅಡುಗೆಮನೆ ತುಸು ಚಿಕ್ಕದಿದ್ದರೂ ಆ ಮನೆಯನ್ನೇ ಹಿಡಿಯಿರಿ.

ಕರಾರು

ಒಂದು ವರ್ಷದ ಕರಾರು, ಎರಡು ತಿಂಗಳ ಠೇವಣಿ, ಒಂದು ತಿಂಗಳ ಬಾಡಿಗೆ ಮುಂಗಡ, ಇದು ಅಲ್ಲಿನ ವಾಡಿಕೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಇದು ಹಗುರವೆನಿಸುತ್ತದೆ. ಕರಾರು ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ತಕರಾರು ಬಂದರೆ ನ್ಯಾಯಾಲಯ ಓದುವುದು ಥಾಯ್ ಪಠ್ಯವನ್ನು. ಆದ್ದರಿಂದ ಸಹಿ ಹಾಕುವ ಮೊದಲು ಮಾಲೀಕರಿಗೆ ಸಂಬಂಧವಿಲ್ಲದ ಒಬ್ಬರಿಂದ ಅದನ್ನು ಓದಿಸಿ. ಮೂರು ವರ್ಷಕ್ಕಿಂತ ದೀರ್ಘ ಕರಾರು ಭೂ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ಮೂರು ವರ್ಷಕ್ಕಷ್ಟೇ ಊರ್ಜಿತ. ನಡುವೆ ಮನೆ ಮಾರಾಟವಾದರೆ ಹೊಸ ಮಾಲೀಕರೂ ಹಳೆಯ ಕರಾರಿಗೆ ಬದ್ಧರು. ಅಲ್ಲಿನ ನಾಗರಿಕ ಮತ್ತು ವಾಣಿಜ್ಯ ಸಂಹಿತೆ ಹೀಗೆ ಹೇಳುತ್ತದೆ.

ದಂಪತಿಗಳು ಮರೆಯಬಾರದ ಒಂದು ಮಾತಿದೆ. ಥಾಯ್ ಕಾನೂನಿನಲ್ಲಿ ಬಾಡಿಗೆಯ ಹಕ್ಕು ಬಾಡಿಗೆದಾರರ ವೈಯಕ್ತಿಕ ಹಕ್ಕು. ಅವರು ತೀರಿಕೊಂಡರೆ ಕರಾರೂ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ. ಗಂಡನ ಹೆಸರೊಂದೇ ಇದ್ದರೆ, ದುಃಖದ ಆ ದಿನಗಳಲ್ಲೇ ಹೆಂಡತಿ ಮನೆಗಾಗಿ ಬೇಡಿಕೊಳ್ಳಬೇಕಾದೀತು. ಇಬ್ಬರನ್ನೂ ಬಾಡಿಗೆದಾರರೆಂದು ಬರೆಸಿ, ಇಬ್ಬರೂ ಸಹಿ ಹಾಕಿ. ವಿಸ್ತರಣೆ ಸಿಗದಿದ್ದರೆ ಅಥವಾ ದೀರ್ಘ ಚಿಕಿತ್ಸೆಗಾಗಿ ಭಾರತಕ್ಕೆ ಮರಳಬೇಕಾದರೆ, ಒಂದು ತಿಂಗಳ ಸೂಚನೆ ಕೊಟ್ಟು ಠೇವಣಿ ವಾಪಸು ಪಡೆದು ಬಿಡಬಹುದೆಂಬ ಸಾಲನ್ನೂ ಸೇರಿಸಿ. ನಮ್ಮ ಮೊದಲ ಕರಾರಿನಲ್ಲಿ ಆ ಸಾಲು ಇದ್ದಿದ್ದರೆ ಠೇವಣಿ ಉಳಿಯುತ್ತಿತ್ತು. ಎಸಿ ತೊಳೆಸುವ ಖರ್ಚು ಯಾರದು, ಠೇವಣಿಯನ್ನು ಎಷ್ಟು ದಿನದಲ್ಲಿ ಹಿಂತಿರುಗಿಸಬೇಕು ಎಂಬುದೂ ಬರಹದಲ್ಲಿರಲಿ.

ಹಣವನ್ನು ಬ್ಯಾಂಕ್ ಮೂಲಕ ಕೊಡಿ. ನಗದು ಕೊಡಲೇಬೇಕಾದರೆ ಸಹಿಯಾದ ರಸೀದಿ ಪಡೆಯಿರಿ. ಕೀಲಿ ಕೈಗೆ ಬಂದ ದಿನವೇ, ಸಾಮಾನು ಒಳಗಿಡುವ ಮೊದಲು, ಗೋಡೆ, ನೆಲ, ಪೀಠೋಪಕರಣ, ವಿದ್ಯುತ್ ಮತ್ತು ನೀರಿನ ಮೀಟರ್ ಎಲ್ಲವನ್ನೂ ವಿಡಿಯೊ ಮಾಡಿ ಮಾಲೀಕರಿಗೂ ಕಳಿಸಿ.

ಮನೆ ಸೇರಿದ ಮೇಲೆ

ಮೊದಲ ದಿನವೇ ಟಿಎಂ 30 ಇಬ್ಬರ ಹೆಸರಿನಲ್ಲೂ ಆಗಲಿ, ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ. ದೇಶದೊಳಗೇ ಉಳಿದರೆ ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಅದು ನಿಮ್ಮ ಹೊಣೆ, ಮಾಲೀಕರದ್ದಲ್ಲ. ಭಾರತದ ಕಾನ್ಸುಲೇಟ್ ಚಿಯಾಂಗ್ ಮಾಯ್‌ನಲ್ಲೇ ಇರುವುದು ಪಾಸ್‌ಪೋರ್ಟ್ ಕೆಲಸಕ್ಕೆ ದೊಡ್ಡ ಅನುಕೂಲ, ಅಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ಪಿಂಚಣಿದಾರರು ನವೆಂಬರ್‌ನ ಜೀವಿತ ಪ್ರಮಾಣಪತ್ರವನ್ನು ಹೇಗೆ ಸಲ್ಲಿಸುವುದೆಂದು ತಮ್ಮ ಬ್ಯಾಂಕಿನಲ್ಲಿ ಹೊರಡುವ ಮೊದಲೇ ಕೇಳಿಟ್ಟುಕೊಂಡಿರಬೇಕು.

ಕೊನೆಯದಾಗಿ ತಾರೀಖುಗಳ ಹೊಂದಾಣಿಕೆ. ವಾಸದ ಅನುಮತಿಯ ವಿಸ್ತರಣೆಗೆ ಹೋಗುವ ದಿನ ಬಾಡಿಗೆ ಕರಾರು ಇನ್ನೂ ಕೆಲವು ತಿಂಗಳು ಬಾಕಿ ಇರಬೇಕು. ಎರಡೂ ಒಂದೇ ತಿಂಗಳಲ್ಲಿ ಮುಗಿದರೆ, ಮನೆಯ ಮಾತು ಇತ್ಯರ್ಥವಾಗದೆ ವೀಸಾ ಕೆಲಸವೂ ನಿಲ್ಲುತ್ತದೆ. ನಮ್ಮ ಅನುಮತಿ ಆಗಸ್ಟ್‌ನಲ್ಲಿ ಮುಗಿಯುತ್ತದೆ, ಕರಾರು ಡಿಸೆಂಬರ್‌ನಲ್ಲಿ. ಅಕ್ಟೋಬರ್ ಬಂದ ಕೂಡಲೇ ಒಂದು ಡಬ್ಬಿ ಚಕ್ಕುಲಿಯೊಂದಿಗೆ ಮಾಲೀಕರ ಮನೆಗೆ ಹೋಗಿ ಮುಂದಿನ ವರ್ಷದ ಮಾತು ಮುಗಿಸಿ ಬರುತ್ತೇವೆ.